ಶಾಂತಿ, ಧೈರ್ಯ ಮತ್ತು ವೀರಪ್ಪ ಕಾಕಾನ ಶಲ್ಯ

ಕಬ್ಬಿನ ಕಟಾವು ಶುರುವಾಗಿತ್ತು. ಮೂಡಲಗಿ ರಸ್ತೆಯಲ್ಲಿ ಹೊತ್ತು ಮೂಡುವ ಮುಂಚೆಯೇ ಟ್ರ್ಯಾಕ್ಟರುಗಳು ಗುಡುಗುತ್ತಿದ್ದವು. ಚಹಾದಂಗಡಿಯ ಸಿದ್ರಾಮ ಮಾತ್ರ ಒಲೆ ಹಚ್ಚದೆ, ಟ್ರಂಕಿನಿಂದ ತೆಗೆದ ಕನ್ನಡ ಬಾವುಟವನ್ನು ಬೆಳಕಿಗೆ ಹಿಡಿದು ನಿಂತಿದ್ದ. ಇಲಿಗಳು ಅದನ್ನು ಜರಡಿ ಮಾಡಿದ್ದವು.

ರಾಜ್ಯೋತ್ಸವಕ್ಕೆ ಬಾವುಟ ತಂದವನೇ ಹಗ್ಗ ಎಳೆಯಬೇಕೆಂಬುದು ಊರಿನ ರೂಢಿ. ಈ ಸಲದ ಪಾಳಿ ಸಿದ್ರಾಮನದು. ವಾರದಿಂದ ಗಿರಾಕಿಗಳಿಗೆ ಭಾಷಣ ಒಪ್ಪಿಸುತ್ತಿದ್ದ: ಹಳದಿ ಅರಿಶಿನ, ಅಂದರೆ ಶಾಂತಿ; ಕೆಂಪು ಕುಂಕುಮ, ಅಂದರೆ ಧೈರ್ಯ. ಹಗ್ಗ ಕೈತಪ್ಪಿದರೆ ಎದುರಂಗಡಿಯ ಪರಶುರಾಮ ವರ್ಷವಿಡೀ ಆಡಿಕೊಳ್ಳುವುದು ಖಂಡಿತ.

ಬಾವುಟ ಏರಿಸುವುದು ಅವತ್ತೇ ಬೆಳಿಗ್ಗೆ; ಹೊಸದನ್ನು ತರಲು ಗೋಕಾಕಕ್ಕೆ ಹೋಗಿ ಬರಲು ಹೊತ್ತಿರಲಿಲ್ಲ. ಸಿದ್ರಾಮ ವೀರಪ್ಪ ಕಾಕಾನ ಮನೆಗೆ ಓಡಿ, ಭಾಷಣದ ಹೊತ್ತಿಗೆ ಹೆಗಲಿಗೆ ಬೇಕೆಂದು ಅವನ ಹಸಿರು ದಡಿಯ ಹೊಸ ಬಿಳಿ ಶಲ್ಯ ಕೇಳಿ ತಂದ.

ಅವ್ವ ಕಾಶೆವ್ವ ಅರ್ಧ ಶಲ್ಯವನ್ನು ಅರಿಶಿನದ ನೀರಿನಲ್ಲಿ ಅದ್ದಿದಳು. ಅದೇ ನೀರಿಗೆ ಎಲೆಯಡಿಕೆಯ ಸುಣ್ಣ ಕಲಸಿದಳು, ನೀರು ಕೆಂಪಾಯಿತು. ಉಳಿದರ್ಧ ಅದರಲ್ಲಿ ಮುಳುಗಿತು.

“ಕುಂಕಮಾನೂ ಹಿಂಗ ಮಾಡೂದು,” ಅಂದಳು.

ಭಾಷಣದಲ್ಲಿ ಇದಿರಲಿಲ್ಲ.

ತಂತಿಗೆ ಹಾಕಿದ ಬಾವುಟಕ್ಕೆ ಟ್ರ್ಯಾಕ್ಟರೊಂದು ತಗ್ಗಿನ ರಾಡಿ ಸಿಡಿಸಿ ಹೋಯಿತು. ಸಿದ್ರಾಮ ಗಾಬರಿಯಿಂದ ಸೋಪು ಹಚ್ಚಿ ತಿಕ್ಕಿದ. ರಾಡಿ ಹೋಯಿತು. ಜೊತೆಗೆ ಹಳದಿಯೂ ಹೋಗಿ, ಇಡೀ ಬಾವುಟ ಹುಂಜದ ಜುಟ್ಟಿನ ಹಾಗೆ ಕೆಂಪಾಯಿತು.

ಪರಶುರಾಮ ಇಣುಕಿದ. “ಶಾಂತಿ ಎಲ್ಲಿ ಹೋತೋ ಸಿದ್ರಾಮ? ಬರೇ ಧೈರ್ಯ ಉಳದೈತಲ್ಲ.”

ಲಿಂಬಿಹಣ್ಣು ಹಿಂಡಿದರೆ ಹಳದಿ ತಿರುಗಿ ಬರುತ್ತದೆಂದು ಕಾಶೆವ್ವ ಒಳಗಿನಿಂದ ಹೇಳಿದಳು. ಕಂಬದ ಹತ್ತಿರ ಮೈಕು ಆಗಲೇ ಸಿದ್ರಾಮನ ಹೆಸರು ಕರೆಯುತ್ತಿತ್ತು. ಅಂಗಡಿಯ ಲಿಂಬಿಹಣ್ಣನ್ನೆಲ್ಲ ಬಕೆಟ್ಟಿಗೆ ಹಿಂಡಿ, ಬಾವುಟವನ್ನು ಪೂರ್ತಿ ಅದ್ದಿ, ಮೇಲಿನ ಮಡಿಕೆ ಹಳದಿಯಾದದ್ದೇ ತಡ, ಗಂಟು ಕಟ್ಟಿಕೊಂಡು ಓಡಿದ.

ಹಗ್ಗ ಎಳೆದ. ಚೆಂಡುಹೂವಿನ ಎಸಳು ಉದುರಿದವು. ಬಾವುಟ ಬಿಚ್ಚಿಕೊಂಡಿತು: ಮೇಲೂ ಹಳದಿ, ಕೆಳಗೂ ಹಳದಿ, ಅಂಚಿಗೆ ಹಸಿರು ದಡಿ.

“ಈಗ ಧೈರ್ಯಾನೂ ಹೋತು,” ಅಂದ ಪರಶುರಾಮ.

ಅದು ಖರೆ. ಮುಂದಿನ ಸಾಲಿನಲ್ಲಿದ್ದ ವೀರಪ್ಪ ಕಾಕಾ ದಡಿಯ ಗುರುತು ಹಿಡಿದು ನಿಧಾನಕ್ಕೆ ಎದ್ದು ಬರುತ್ತಿದ್ದ.

“ನಾ ಕೊಟ್ಟಾಗ ಬೆಳ್ಳಗಿತ್ತಪಾ. ಸಂಜೀಕ ಹಂಗ ಬೇಕು.”

ಅಷ್ಟರಲ್ಲಿ ಪರಶುರಾಮ ತನ್ನ ಬೈಕಿಗೆ ಕಟ್ಟಿದ್ದ ಬಾವುಟ ಬಿಚ್ಚಿ ತಂದಿದ್ದ. ತಂದವನೇ ಹಗ್ಗ ಎಳೆಯಬೇಕಲ್ಲ, ಎಳೆದ. ಭಾಷಣವನ್ನೂ ಅವನೇ ಮಾಡಿದ. ಸಿದ್ರಾಮನಿಂದ ಕೇಳಿ ಕೇಳಿ ಅವನಿಗದು ಬಾಯಿಪಾಠವಾಗಿತ್ತು.

ಸಂಜೆಯಾದರೂ ಸಿದ್ರಾಮ ನಳದ ಬುಡದಲ್ಲೇ ಇದ್ದ. ಸೋಪು ಹಚ್ಚಿದರೆ ಕೆಂಪು, ಲಿಂಬಿ ಹಿಂಡಿದರೆ ಹಳದಿ. ಬಾಜೂಕ್ಕೆ ಕಟ್ಟೆಯ ಮೇಲೆ ವೀರಪ್ಪ ಕಾಕಾ ಬಿಳುಪಿನ ದಾರಿ ಕಾಯುತ್ತ ಕುಳಿತಿದ್ದ.