ಗಾಜಿನ ಬೀರುವಿನ ಕೆಂಪು ಜಾಕೆಟ್ಟು

ರಿಟೈರಾದ ಮೇಲೆ ಮನುಷ್ಯ ಯಾವುದಕ್ಕೂ ಬೆಚ್ಚಿಬೀಳುವುದಿಲ್ಲ ಎಂದು ಹೇಳುವವರುಂಟು. ಅವರು ಸ್ವೀಡನ್ನಿನ ಕಾಡಿಗೆ ಕಾಲಿಟ್ಟವರಲ್ಲ, ಅಷ್ಟೇ. ನನಗಂತೂ ವಾರಕ್ಕೊಂದು ಆಘಾತ ಕಾಯಂ.

ಮೋಲ್ನ್‌ಡಾಲ್‌ನ ಪ್ರಯೋಗಾಲಯವೊಂದರಲ್ಲಿ ಇಪ್ಪತ್ತಾರು ವರ್ಷ ಇಲಿಗಳ ಜೊತೆ ಕಳೆದವನು ನಾನು. ಬಿಡುಗಡೆಯಾದದ್ದೇ ಓರಿಯಂಟೀರಿಂಗ್ ಕ್ಲಬ್ಬು ಸೇರಿದೆ. ಕೈಗೊಂದು ನಕ್ಷೆ, ಒಂದು ದಿಕ್ಸೂಚಿ ಕೊಟ್ಟು ಕಾಡಿಗೆ ಬಿಡುತ್ತಾರೆ. ಅಲ್ಲಲ್ಲಿ ಕಿತ್ತಳೆ-ಬಿಳಿ ಬಟ್ಟೆಯ ಗುರುತು ತೂಗುಹಾಕಿರುತ್ತಾರೆ. ಅವನ್ನು ಸರದಿಯಲ್ಲಿ ಹುಡುಕಿ, ಬೆರಳಿಗೆ ಕಟ್ಟಿದ ಎಲೆಕ್ಟ್ರಾನಿಕ್ ಚಿಪ್ಪನ್ನು ಅಲ್ಲಿನ ಪೆಟ್ಟಿಗೆಗೆ ತಾಗಿಸಿ 'ಬೀಪ್' ಅನ್ನಿಸಿಕೊಂಡು, ಎಲ್ಲರಿಗಿಂತ ಮುಂಚೆ ಹೊರಗೆ ಬರಬೇಕು.

"ಕಳೆದುಹೋಗೋಕೂ ಒಂದು ಕ್ಲಬ್ಬು ಬೇಕೇನ್ರೀ?" ಅಂದಳು ಹೆಂಡತಿ.

ಬೇಕಿತ್ತು. ಕ್ಲಬ್ಬಿನ ಗಾಜಿನ ಬೀರುವಿನಲ್ಲಿ ಒಂದು ಕೆಂಪು ಜಾಕೆಟ್ಟಿತ್ತು. ಸುತ್ತಲ ಕ್ಲಬ್ಬುಗಳ ವಾರ್ಷಿಕ ರಿಲೇಯಲ್ಲಿ ನಮ್ಮದು ಯಾವಾಗಲೂ ಕೊನೆಯ ಸ್ಥಾನ. ಆ ಸ್ಥಾನದಿಂದ ನಮ್ಮನ್ನು ಮೇಲೆತ್ತಿದವರಿಗೆ ಆ ಜಾಕೆಟ್ಟು. ಹೊಲಿಸಿದಾಗಿನಿಂದ ಅದು ಬೀರು ಬಿಟ್ಟು ಹೊರಗೆ ಬಂದಿರಲಿಲ್ಲ. ನೋಡಿದ ದಿನವೇ ಅದರ ಮೇಲೆ ನನ್ನ ಕಣ್ಣು ಬಿತ್ತು.

೧. ಉಪಕಾರ

ಮೊದಲ ಸ್ಪರ್ಧೆ. ಮೂರನೆಯ ಗುರುತು ಒಂದು ದೊಡ್ಡ ಬಂಡೆಯ ಹಿಂದಿತ್ತು. ನನಗೆ ಅಚಾನಕ್ಕಾಗಿ ಸಿಕ್ಕಿತು. ಅತ್ತ ನೋಡಿದರೆ ಪಾಪ, ಏಳೆಂಟು ಜನ ನಕ್ಷೆಯೊಳಗೆ ಮೂಗು ತೂರಿಸಿಕೊಂಡು ಪೊದೆ ಪೊದೆ ತಡಕುತ್ತಿದ್ದಾರೆ. ನಮ್ಮಲ್ಲಿ ಯಾರಾದರೂ ವಿಳಾಸ ಹುಡುಕುತ್ತಿದ್ದರೆ ನೋಡಿಕೊಂಡು ಸುಮ್ಮನಿರುತ್ತೇವೆಯೇ? ಬಂಡೆ ಹತ್ತಿ ನಿಂತು, ಎರಡೂ ಕೈ ಬೀಸಿ, "ಇಲ್ಲಿದೆ! ಎಲ್ಲರೂ ಇಲ್ಲಿ ಬನ್ನಿ!" ಎಂದು ಸ್ವೀಡಿಷ್‌ನಲ್ಲಿ ಕೂಗಿದೆ.

ಒಬ್ಬಳು ಕಿವಿ ಮುಚ್ಚಿಕೊಂಡಳು. ಇನ್ನೊಬ್ಬ, ಪರೀಕ್ಷೆಯಲ್ಲಿ ಪಕ್ಕದವನು ಉತ್ತರ ಓದಿ ಹೇಳಿದ ಹಾಗೆ, ಗಾಬರಿಯಿಂದ ಬೇರೆ ಕಡೆ ಓಡಿದ. ನಾನು ಬಿಡಲಿಲ್ಲ. ಕಾಲು ಗಂಟೆ ಅಲ್ಲೇ ನಿಂತು ದಾರಿ ತೋರಿಸಿದೆ.

ಸಂಜೆ ಕ್ಲಬ್ಬಿನ ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು. ಅವರು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. "ಕಾಡಿನಲ್ಲಿ ಮಾತು ಬೇಡ," ಅಂದರು. ಆ ದಿನದ ಕೋಟಾದಲ್ಲಿ ಮೂರು ನನಗೇ ಖರ್ಚಾಯಿತು.

೨. ಅಣಬೆಯಮ್ಮ

ಸ್ಪರ್ಧಿಗಳ ಜೊತೆ ತಾನೇ ಮಾತಾಡಬಾರದು? ಮುಂದಿನ ಸಲ ದಾರಿ ತಪ್ಪಿದಾಗ ಬುಟ್ಟಿ ಹಿಡಿದ ಒಬ್ಬ ಅಜ್ಜಿ ಕಂಡಳು. "ಅಮ್ಮಾ, ಇದು ಯಾವ ಜಾಗ?" ಎಂದು ನಕ್ಷೆ ಮುಂದೆ ಹಿಡಿದೆ, "ಇಲ್ಲೊಂದು ಗುರುತು ಮಾಡಿ ತೋರಿಸಿ."

ಅಜ್ಜಿಯ ಮುಖ ಬಿಳಿಚಿಕೊಂಡಿತು. ಬುಟ್ಟಿಯನ್ನು ಸೆರಗಿನೊಳಗೆ ಮುಚ್ಚಿಡುವಂತೆ ಕೋಟಿನೊಳಗೆ ಎಳೆದುಕೊಂಡು, ದೂರದ ಗುಡ್ಡದ ಕಡೆ ಕೈ ತೋರಿಸಿ, "ಅಲ್ಲಿ. ನಾವಿರುವುದು ಅಲ್ಲಿ," ಅಂದಳು. ನಾನು ನಂಬಿ ನಡೆದೆ. ಕತ್ತು ಹೊರಳಿಸಿದಾಗಲೆಲ್ಲ ಆಕೆ ನಾನು ಹೋಗುವುದನ್ನೇ ಕಾವಲು ಕಾಯುತ್ತಿದ್ದಳು.

ಆಮೇಲೆ ತಿಳಿಯಿತು. ಇಲ್ಲಿ ಹಳದಿ ಅಣಬೆ ಸಿಗುವ ಜಾಗವನ್ನು ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೂ ಹೇಳುವುದಿಲ್ಲವಂತೆ. ನಾನು ಹೋಗಿ ನಕ್ಷೆಯಲ್ಲಿ ಗುರುತು ಹಾಕಿಕೊಡಿ ಅಂದಿದ್ದೆ!

ಎರಡು ಗಂಟೆ ತಡವಾಗಿ ಬಂದವನನ್ನು ಅಧ್ಯಕ್ಷರು ನೋಡಿದರು. ಅವತ್ತು ನಾಲ್ಕು ಮಾತೂ ಉಳಿಸಿಕೊಂಡರು.

೩. ಬಿಸಿಕೋಣೆಯ ಶುಭವಾರ್ತೆ

ಓಟ ಮುಗಿದ ಮೇಲೆ ಇವರೆಲ್ಲ ಮರದ ಬಿಸಿಕೋಣೆಯಲ್ಲಿ ಕೂತು ಬೆವರುತ್ತಾರೆ. ಅಷ್ಟು ದಿನ ತಪ್ಪಿಸಿಕೊಂಡು ತಿರುಗಿದ ನಾನು ಒಂದು ಸಂಜೆ ಬನಿಯನ್ನು, ಚಡ್ಡಿ, ಅದರ ಮೇಲೆ ಟವೆಲ್ಲು ಸುತ್ತಿಕೊಂಡು ಬಾಗಿಲು ತೆಗೆದೆ. ಒಳಗೆ ಒಂಬತ್ತು ಜನ ಗಂಡಸರು, ಹುಟ್ಟಿದ ದಿನ ಹೇಗಿದ್ದರೋ ಹಾಗೆ. ಗರ ಬಡಿದವನಂತೆ ನಿಂತುಬಿಟ್ಟೆ. ಅವರೂ ಅಷ್ಟೇ ಗಾಬರಿಯಿಂದ ನನ್ನ ಬನಿಯನ್ನು ನೋಡುತ್ತಿದ್ದರು.

ಆಗಲೇ ಅಧ್ಯಕ್ಷರು ಎದ್ದು ನಿಂತರು. ಏಳದಿದ್ದರೆ ಚೆನ್ನಾಗಿತ್ತು. "ರಿಲೇಗೆ ಒಬ್ಬರು ಕಡಿಮೆ ಇದ್ದಾರೆ. ಕೊನೆಯ ಓಟ ನಿನ್ನದು," ಅಂದರು. ಕೈ ಬೇರೆ ಚಾಚಿದರು.

ಮೂರು ವರ್ಷ ಕಾದ ಮಾತು! ಕೈ ಕುಲುಕಿದೆ, ಆದರೆ ಕಣ್ಣನ್ನು ಗೋಡೆಯ ಥರ್ಮಾಮೀಟರಿನಿಂದ ಕೀಳಲಿಲ್ಲ. ಆ ಕ್ಷಣ ಎಂಬತ್ತಾರು ಡಿಗ್ರಿ ಇತ್ತು. ಉಳಿದದ್ದು ಯಾವುದಕ್ಕೂ ನಾನು ಸಾಕ್ಷಿಯಲ್ಲ.

೪. ರಿಲೇ

ಆ ದಿನ ಹೆಂಡತಿಯೂ ಬಂದಳು, ಒಂದು ಡಬ್ಬಿ ಕೋಡುಬಳೆ ಹಿಡಿದುಕೊಂಡು. ಗೆಲುವಿನ ಗೆರೆಗೆ ಐವತ್ತು ಮೀಟರ್ ಈಚೆ, ಇಳಿಜಾರಿನ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿ ಕೂತಳು.

ನಾನು ಕಾಡಿನಲ್ಲಿ ತುಟಿ ಬಿಚ್ಚಲಿಲ್ಲ. ಹತ್ತಕ್ಕೆ ಹತ್ತೂ ಗುರುತು 'ಬೀಪ್' ಅನ್ನಿಸಿ ಹೊರಗೆ ಬಂದೆ. ನೋಡಿದರೆ ಉಳಿದ ತಂಡಗಳೆಲ್ಲ ಮುಗಿಸಿ ಕಾಫಿ ಕುಡಿಯುತ್ತಿವೆ. ನನ್ನ ಮುಂದೆ ಒಬ್ಬನೇ, ಹಸಿರು ಬನಿಯನ್ನಿನ ಇಪ್ಪತ್ತೈದರ ತರುಣ, ನೂರು ಹೆಜ್ಜೆ ದೂರದಲ್ಲಿ. ನನ್ನ ಮಂಡಿ ಕೈಮುಗಿದು ಬೇಡಿಕೊಳ್ಳುತ್ತಿತ್ತು. ಜಾಕೆಟ್ಟು ಬೀರುವಿನಲ್ಲೇ ಉಳಿಯಿತು ಅಂದುಕೊಂಡೆ.

ಅಷ್ಟರಲ್ಲಿ ಆ ತರುಣ ಹೆಂಡತಿಯ ಕುರ್ಚಿಯ ಮುಂದೆ ಒದ್ದೆ ಬೇರಿನ ಮೇಲೆ ಜಾರಿ, "ಅಯ್ಯೋ ಅಮ್ಮಾ!" ಅಂದ.

ಹೆಂಡತಿ ಎದ್ದು ನಿಂತಳು. "ಅಯ್ಯೋ, ಕನ್ನಡದವರಾ! ಪೆಟ್ಟಾಯ್ತೇನಪ್ಪಾ?"

"ಇಲ್ಲ ಆಂಟಿ. ರೇಸ್ ನಡೀತಿದೆ ಆಂಟಿ."

"ನಡೀಲಿ ಬಿಡು, ಎಲ್ಲಿಗೆ ಹೋಗುತ್ತೆ? ಯಾವೂರು?"

"ದಾವಣಗೆರೆ ಆಂಟಿ."

"ದಾವಣಗೆರೇಲಿ ಎಲ್ಲಿ? ನಮ್ಮ ಚಿಕ್ಕಮ್ಮ ವಿದ್ಯಾನಗರದಲ್ಲೇ ಇರೋದು!"

ಕನ್ನಡದ ಮಗ. ಹಿರಿಯ ಹೆಂಗಸು ಪ್ರಶ್ನೆ ಕೇಳುತ್ತಿರುವಾಗ ಬೆನ್ನು ತೋರಿಸಿ ಓಡಲು ಅವನಿಗೆ ಯಾರೂ ಕಲಿಸಿರಲಿಲ್ಲ. ಕಾಲು ನಿಂತಲ್ಲೇ ಓಡುತ್ತಿತ್ತು, ಬಾಯಿ ಉತ್ತರ ಕೊಡುತ್ತಿತ್ತು. "ಕೆಲಸ ಎಲ್ಲಿ? ಅಡಿಗೆ ನೀನೇ ಮಾಡ್ಕೋತೀಯಾ? ಏನು ಸೊರಗಿದ್ದೀಯೋ! ತಗೋ, ಕೋಡುಬಳೆ." ಕೈಗೆ ಮೂರು ಕೋಡುಬಳೆ ಬಂದವು.

ನಾನು ಪಕ್ಕದಲ್ಲೇ ದಾಟಿದೆ. ಹೆಂಡತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಮದುವೆ ಆಗಿದ್ಯಾ?" ಎಂಬುದು ಕಿವಿಗೆ ಬೀಳುವಾಗ ನಾನು ಗೆರೆ ದಾಟಿಯಾಗಿತ್ತು.

ಕೊನೆಯಿಂದ ಎರಡನೆಯ ಸ್ಥಾನ! ಕ್ಲಬ್ಬಿನವರು ಕುಣಿದರು. ಸ್ವೀಡನ್ನಿನವರು ಕುಣಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಧ್ಯಕ್ಷರು ಮಾತ್ರ ಇಳಿಜಾರಿನ ಕಡೆಯೇ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. "ಆಕೆ ಅವನನ್ನು ಏನು ಕೇಳುತ್ತಿದ್ದಾಳೆ?"

"ಊರು, ಕೆಲಸ, ಅಡಿಗೆ, ಮದುವೆ."

"ಹಳೆಯ ಪರಿಚಯವೇ?"

"ಇಲ್ಲ. ಈಗ ಐದು ನಿಮಿಷವಾಯಿತು."

ಅಧ್ಯಕ್ಷರು ತಲೆಯ ಮೇಲೆ ಕೈ ಇಟ್ಟುಕೊಂಡರು. "ನನ್ನ ಪಕ್ಕದ ಮನೆಯವನಿಗೆ ಮದುವೆಯಾಗಿದೆಯೋ ಇಲ್ಲವೋ, ಹದಿನೆಂಟು ವರ್ಷದಿಂದ ನನಗೆ ಗೊತ್ತಿಲ್ಲ!" ಇಷ್ಟು ಉದ್ದದ ವಾಕ್ಯ ಆ ಬಾಯಿಂದ ಬಂದದ್ದಕ್ಕೆ ಕ್ಲಬ್ಬೆಲ್ಲ ದಂಗಾಯಿತು.

ಎಲ್ಲರೂ ಕ್ಲಬ್ಬಿಗೆ ಮರಳಿ ಬೀರುವಿನ ಬೀಗ ತೆಗೆದರು. ಜಾಕೆಟ್ಟು ಹೊರಗೆ ಬಂತು. ನಾನು ಬೆವರು ಒರೆಸಿಕೊಂಡು, ಎರಡೂ ತೋಳು ಹಿಂದಕ್ಕೆ ಚಾಚಿ, ಹಾಕಿಸಿಕೊಳ್ಳಲು ಸಿದ್ಧನಾಗಿ ನಿಂತೆ. ಅಧ್ಯಕ್ಷರು ನನ್ನನ್ನು ಸುತ್ತಿಕೊಂಡು ಹೋಗಿ, ಅದನ್ನು ನನ್ನ ಹೆಂಡತಿಯ ಸೀರೆಯ ಮೇಲೆ ಹೊದಿಸಿದರು. "ಮುಂದಿನ ವರ್ಷವೂ ಆ ಇಳಿಜಾರಿನ ಪಕ್ಕದಲ್ಲೇ ಕೂರಬೇಕು," ಎಂದರು.

ದಾರಿಯಲ್ಲಿ ಕೇಳಿದೆ, "ಬೇಕಂತಲೇ ನಿಲ್ಲಿಸಿದೆಯೇನೇ?"

"ಛೆ, ಪಾಪದ ಹುಡುಗ," ಅಂದಳು, ಜಿಪ್ಪು ಕತ್ತಿನವರೆಗೂ ಎಳೆದುಕೊಳ್ಳುತ್ತಾ. "ಅದಿರಲಿ, ನೀವು ಯಾವಾಗ ದಾಟಿದಿರಿ?"