ಮಂಜುಗಡ್ಡೆಗೆ ಕೊಟ್ಟ ಮುತ್ತು

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ಲೆನ್ಸ್. ಕಣ್ಣಿನೊಳಗೆ ಇಟ್ಟುಕೊಳ್ಳುವ, ಉಗುರಿಗಿಂತ ತೆಳ್ಳಗಿನ ಲೆನ್ಸ್. ಅಂದು ಬೆಳಗಿನ ಸ್ಕೇಟಿಂಗ್ ಅಭ್ಯಾಸದ ಕೊನೆಯಲ್ಲಿ ಬುಗುರಿ ಒಂಟಿಕಾಲಿನ ಮೇಲೆ ಗಿರಗಿರನೆ ಸುತ್ತಿ ನಿಲ್ಲುವಾಗ ಅದು ಅವಳ ಎಡಗಣ್ಣಿನಿಂದ ಹಾರಿ ಮಂಜುಗಡ್ಡೆಯ ಮೇಲೆ ಬಿತ್ತು. ನೀರಿನಂಥ ವಸ್ತು ಗಾಜಿನಂಥ ನೆಲದ ಮೇಲೆ ಬಿದ್ದರೆ ಹುಡುಕುವುದು ಹೇಗೆ? ಅವಳು ಮಂಡಿಯೂರಿದಳು, ಎರಡೂ ಅಂಗೈ ಊರಿದಳು, ಮೂಗು ಮಂಜಿಗೆ ತಾಗುವಷ್ಟು ಬಗ್ಗಿ ಅತ್ತಿತ್ತ ನೋಡಿದಳು. ಲೆನ್ಸ್ ಸಿಗಲಿಲ್ಲ. ಮೂಗು ಮಾತ್ರ ಮರಗಟ್ಟಿತು.

ಬುಗುರಿ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ಏಳನೇ ವಯಸ್ಸಿನಲ್ಲಿ ಇದೇ ಮಂಜಿನ ರಿಂಕಿನಲ್ಲಿ ಮೊದಲ ಸಲ ಬೀಳದೆ ಸುತ್ತಿದಾಗ ಕೋಚ್ ಇಟ್ಟದ್ದು. ಅಂದಿನಿಂದ ಮೂವತ್ತು ವರ್ಷ ಅವಳು ಸುತ್ತುತ್ತಲೇ ಇದ್ದಳು. ಜೊತೆಯಲ್ಲಿ ಕಲಿತವರೆಲ್ಲ ಸ್ಕೇಟ್ ಬಿಚ್ಚಿಟ್ಟು, ಮಕ್ಕಳನ್ನು ಹೆತ್ತು, ಈಗ ಗ್ಯಾಲರಿಯಲ್ಲಿ ಕೂತು ಇವಳಿನ್ನೂ ಬಿಟ್ಟಿಲ್ಲವೇ ಎಂದು ಹುಬ್ಬೇರಿಸುತ್ತಿದ್ದರು. ಅವಳ ಮಂಡಿಯ ಬಗ್ಗೆ ಅವಳಿಗಿಂತ ಹೆಚ್ಚಿನ ಕಾಳಜಿ ಊರಿಗಿತ್ತು. ಸ್ಪರ್ಧಿಸುವುದು ಅವಳು, ಬೀಳುವುದು ಅವಳು, ನೋವು ತಿನ್ನುವುದೂ ಅವಳು. ಯಾವಾಗ ಬಿಡಬೇಕು ಎಂದು ತೀರ್ಮಾನಿಸುವ ಹಕ್ಕು ಮಾತ್ರ ಉಳಿದ ಎಲ್ಲರದು.

ಈ ಕ್ಲಬ್ಬಿನಲ್ಲಿ ಒಂದು ಪದ್ಧತಿ ಇತ್ತು. ಸ್ಪರ್ಧೆಗೆ ವಿದಾಯ ಹೇಳುವವರು ಕೊನೆಯ ದಿನ ಮಂಡಿಯೂರಿ, ಬಗ್ಗಿ, ಮಂಜುಗಡ್ಡೆಗೆ ಮುತ್ತು ಕೊಡುತ್ತಿದ್ದರು. ಬುಗುರಿ ತಲೆಯೆತ್ತಿದಾಗ ರಿಂಕಿನ ಅಂಚಿನಲ್ಲಿ ಕೋಚ್ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಪಕ್ಕದಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಫೋನ್ ಎತ್ತಿ ಹಿಡಿದು ಫೋಟೋ ತೆಗೆಯುತ್ತಿದ್ದ. ಎಳೆಯ ಮಕ್ಕಳ ಗುಂಪೊಂದು ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಿತ್ತು.

"ನನಗೊಂದು ಮಾತು ಹೇಳಬಾರದಿತ್ತೇನೆ?" ಎಂದರು ಕೋಚ್. "ಮೂವತ್ತು ವರ್ಷ ಕಲಿಸಿದೀನಿ."

"ಸರ್, ನಾನು ಏನನ್ನೋ ಹುಡುಕ್ತಿದ್ದೆ."

"ಏನನ್ನ?"

ಕಣ್ಣು ಮಬ್ಬಾಗಿ ಒಂದು ವರ್ಷದಿಂದ ಲೆನ್ಸ್ ಹಾಕುತ್ತಿರುವುದನ್ನು ಬುಗುರಿ ಗಂಡನೊಬ್ಬನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಮಂಡಿಯೊಂದಕ್ಕೇ ಇಷ್ಟು ಮಾತಾಡುವ ಜನ, ಕಣ್ಣೂ ಹೋಗಿದೆ ಎಂದರೆ ಬಿಡುತ್ತಾರೆಯೇ? ಅವಳು ಸುಮ್ಮನಾದಳು. ಆ ಮೌನವನ್ನು ಕೋಚ್ ತಮಗೆ ಬೇಕಾದಂತೆ ಅರ್ಥ ಮಾಡಿಕೊಂಡು, ಅವಳ ತಲೆ ನೇವರಿಸಿ, ಮತ್ತೆ ಕಣ್ಣೊರೆಸಿಕೊಂಡರು.

ಅವಳ ಮೈಯೆಲ್ಲ ಉರಿದುಹೋಯಿತು. ಅಂದು ಸಂಜೆಯೇ ಆಯ್ಕೆಯ ಸ್ಪರ್ಧೆ. ಗೆದ್ದವರು ದೊಡ್ಡ ಸ್ಪರ್ಧೆಗೆ. ಅಲ್ಲಿಗೆ ಹೋಗಬೇಕೆಂಬ ಆಸೆಯಲ್ಲಿ ಅವಳು ಎರಡು ಸಲ ಕಾಲು ಮುರಿದುಕೊಂಡಿದ್ದಳು, ಇನ್ನೂ ಹೋಗಿರಲಿಲ್ಲ. ಸೀನಿಯರ್ ವಿಭಾಗದಲ್ಲಿ ಈಗ ಉಳಿದಿದ್ದವರು ಇಬ್ಬರೇ: ಇವಳು ಮತ್ತು ಹತ್ತೊಂಬತ್ತರ ಗುಬ್ಬಿ. ಗುಬ್ಬಿ ಚೆನ್ನಾಗಿ ಆಡುತ್ತಾಳೆ, ನಿಜ. ಅವಳನ್ನು ಮಂಜಿನ ಮೇಲೆ ಸೋಲಿಸಿ ತೋರಿಸುತ್ತೇನೆ ಎನ್ನುವುದು ಬುಗುರಿಯ ಹಟ.

ಅವಳು ಸ್ಕೇಟ್ ಬಿಚ್ಚುವಷ್ಟರಲ್ಲಿ ಕಾರ್ಯದರ್ಶಿಯ ಫೋಟೋ ಊರು ಸುತ್ತಿ ಬಂದಿತ್ತು. ಟಿಕೆಟ್ ಕೊಡುವವನು ಎದ್ದು ನಿಂತು ಕೈಮುಗಿದ. ತಾನು ನಿವೃತ್ತಿಯಾಗುತ್ತಿಲ್ಲ ಎಂದು ಅವಳು ಅವನಿಗೆ ಹೇಳಿದಳು. ಎಲ್ಲರಿಗೂ ಮೊದಮೊದಲು ಹಾಗೇ ಅನ್ನಿಸುತ್ತದೆ, ತನ್ನ ತಂದೆಗೂ ಹಾಗೇ ಆಗಿತ್ತು ಎಂದು ಅವನು ಸಮಾಧಾನ ಮಾಡಿದ. ಬಸ್ಸಿನಲ್ಲಿ ಗುರುತಿನ ಹೆಂಗಸೊಬ್ಬಳು ಸೀಟು ಬಿಟ್ಟುಕೊಟ್ಟಳು. ಬೇಡವೆಂದು ಎಷ್ಟು ಹೇಳಿದರೂ ಕೇಳದೆ ತೋಳು ಹಿಡಿದು ಕೂರಿಸಿದಳು.

ಇನ್ನೊಂದು ಜೊತೆ ಲೆನ್ಸ್ ತೆಗೆದುಕೊಳ್ಳಲು ಮನೆಗೆ ಬಂದರೆ, ಅಲ್ಲಿ ಇನ್ನೊಂದು ದರ್ಬಾರು. ಅತ್ತೆ ಕಪಾಟಿನೊಳಗಿದ್ದ, ಅವಳು ಗೆದ್ದ ಕಪ್ಪುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿ, ಆ ಜಾಗದಲ್ಲಿ ಹೊದಿಕೆಗಳನ್ನು ಜೋಡಿಸುತ್ತಿದ್ದರು. ಕೆಳಮನೆಯಾಕೆ ಬಿಸಿನೀರಿನ ಚೀಲವೊಂದನ್ನು ಉಡುಗೊರೆಯಾಗಿ ತಂದು, ಅದನ್ನು ಮಂಡಿಗೆ ಹೇಗೆ ಕಟ್ಟಿಕೊಳ್ಳಬೇಕೆಂದು ತನ್ನ ಮಂಡಿಗೇ ಕಟ್ಟಿ ತೋರಿಸಿದಳು. ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದ ಗಂಡ ಮುಖ ಊದಿಸಿಕೊಂಡು ಕೂತಿದ್ದ. ಹೆಂಡತಿಯ ನಿವೃತ್ತಿಯ ಸುದ್ದಿ ತನಗೆ ಕ್ಯಾಷಿಯರ್ ಬಾಯಿಂದ ತಿಳಿಯಬೇಕೇ ಎನ್ನುವುದು ಅವನ ದುಃಖ.

"ರೀ, ನಾನು ನಿವೃತ್ತಿ ಆಗ್ತಿಲ್ಲ. ಲೆನ್ಸ್ ಬಿದ್ದಿತ್ತು, ಹುಡುಕ್ತಿದ್ದೆ."

ಗಂಡ ಅವಳನ್ನು ದಿಟ್ಟಿಸಿ ನೋಡಿದ. "ಅದನ್ನ ಅವರಿಗೆ ಹೇಳಿದ್ಯಾ?"

"ಹೇಗೆ ಹೇಳಲಿ?"

"ಮತ್ತೆ ನಿವೃತ್ತಿನೇ ಆಗಿಬಿಡು," ಎಂದ ಅವನು, ಅದೇನೋ ಸುಲಭದ ಕೆಲಸ ಎನ್ನುವಂತೆ. ಅತ್ತೆ ಒಳಗಿನಿಂದಲೇ ಮಗನ ಮಾತಿಗೆ ಹೂಂಗುಟ್ಟಿದರು.

ಬುಗುರಿ ಲೆನ್ಸ್ ಹಾಕಿಕೊಂಡಳು. ಕಪ್ಪುಗಳನ್ನು ಒಂದೊಂದಾಗಿ ತೆಗೆದು ಹೊದಿಕೆಗಳ ಮೇಲೆ ದಬದಬನೆ ಇಟ್ಟಳು. ಕೆಳಮನೆಯಾಕೆ ಬಾಗಿಲವರೆಗೆ ಹಿಮ್ಮುಖವಾಗಿಯೇ ನಡೆದು ಹೊರಹೋದಳು.

ಸಂಜೆ ಗ್ಯಾಲರಿ ಕಿಕ್ಕಿರಿದಿತ್ತು. ಆಯ್ಕೆಯ ಸ್ಪರ್ಧೆಗೆ ಎಂದೂ ಇಷ್ಟು ಜನ ಬಂದದ್ದಿಲ್ಲ. ಇವಳು ಒಳ್ಳೆಯ ದಿನಗಳಲ್ಲಿ ಗೆಲ್ಲುವಾಗ ಮನೆಯಲ್ಲಿ ಕಾಲು ಚಾಚಿ ಕೂತವರು, ಇವಳು ಬಿಟ್ಟುಹೋಗುವುದನ್ನು ನೋಡಲು ಮಾತ್ರ ಮುಗಿಬಿದ್ದಿದ್ದರು.

ಮೊದಲು ಗುಬ್ಬಿ ಆಡಿದಳು. ಒಂದು ತಪ್ಪಿಲ್ಲ, ಒಂದು ಎಡವಿಲ್ಲ. ನೆಗೆದು ಸದ್ದಿಲ್ಲದೆ ಇಳಿದಳು. ಜನ ಸಣ್ಣಗೆ ಚಪ್ಪಾಳೆ ತಟ್ಟಿ, ಮುಖ್ಯ ಕಾರ್ಯಕ್ರಮಕ್ಕೆ ಕತ್ತು ಉದ್ದ ಮಾಡಿದರು. ಕಾರ್ಯದರ್ಶಿ ಮೈಕಿನಲ್ಲಿ ನಡುಗುವ ಧ್ವನಿಯಲ್ಲಿ, "ಕೊನೆಯ ಬಾರಿಗೆ, ನಮ್ಮ ಬುಗುರಿ" ಎಂದ. ಗ್ಯಾಲರಿ ಎದ್ದು ನಿಂತಿತು. ಕೊನೆಯ ಬಾರಿ ಅಲ್ಲ ಎಂದು ಅವಳು ರಿಂಕಿನ ನಡುವಿನಿಂದ ಕೈಯಾಡಿಸಿ ಹೇಳಿದಳು. ವಿದಾಯಕ್ಕೆ ಕೈ ಬೀಸುತ್ತಿದ್ದಾಳೆಂದು ಇಡೀ ಗ್ಯಾಲರಿ ಕೈ ಬೀಸಿತು.

ಸಂಗೀತ ಶುರುವಾಯಿತು. ಬುಗುರಿ ಆ ಕೋಪವನ್ನೆಲ್ಲ ಕಾಲಿಗೆ ತುಂಬಿಕೊಂಡು ಆಡಿದಳು. ಮೊದಲರ್ಧ ಚೆನ್ನಾಗಿಯೇ ಹೋಯಿತು. ಆಮೇಲೆ ಗಾಳಿಯಲ್ಲಿ ಮೂರು ಸುತ್ತು ಸುತ್ತುವ ನೆಗೆತ ಬಂತು. ಎರಡೂವರೆ ಸುತ್ತಿಗೆ ಮಂಜು ಎದುರಾಗಿ, ಎಲ್ಲರ ಕಣ್ಣೆದುರಿಗೆ, ಅವಳು ದೊಪ್ಪನೆ ಕುಂಡಿಯ ಮೇಲೆ ಬಿದ್ದಳು. ಎದ್ದೇಳುವ ಮುಂಚೆ ಮುಷ್ಟಿ ಬಿಗಿದು ಮಂಜಿಗೊಂದು ಗುದ್ದು ಹಾಕಿದಳು. ಉಳಿದದ್ದನ್ನು ಹಲ್ಲು ಕಚ್ಚಿ ಮುಗಿಸಿದಳು.

ಅಂಕ ಕಾಯುವ ಬೆಂಚಿನ ಮೇಲೆ ಕೂತಾಗ ಅವಳಿಗೆ ಯಾವ ಭ್ರಮೆಯೂ ಇರಲಿಲ್ಲ. ಅಷ್ಟು ದೊಡ್ಡ ಬೀಳುವಿಕೆಗೆ ಎಷ್ಟು ಕಳೆಯುತ್ತಾರೆ ಎಂಬುದು ಮೂವತ್ತು ವರ್ಷ ಬಿದ್ದವಳಿಗೆ ಗೊತ್ತಿಲ್ಲದ್ದೇನಲ್ಲ. ಗುಬ್ಬಿ ಗೆದ್ದಿದ್ದಾಳೆ. ಸಂಕಟವಾಯಿತು, ಆದರೆ ಅದು ನ್ಯಾಯವಾದ ಸಂಕಟ.

ಅಂಕಗಳು ಬಂದವು. ಬುಗುರಿಗೆ ಮೊದಲ ಸ್ಥಾನ. ಅವಳ ಜೀವಮಾನದಲ್ಲೇ ಅಷ್ಟು ಅಂಕ ಬಿದ್ದಿರಲಿಲ್ಲ.

ಗ್ಯಾಲರಿ ಕುಣಿಯಿತು. ಬುಗುರಿ ಸ್ಕೇಟ್ ಸಮೇತ ಕುಂಟುತ್ತ ತೀರ್ಪುಗಾರರ ಮೇಜಿನ ಹತ್ತಿರ ಹೋಗಿ, ಇದೆಂಥ ಲೆಕ್ಕ ಎಂದು ಕೇಳಿದಳು. ಮುಖ್ಯ ತೀರ್ಪುಗಾರ್ತಿ ಅವಳ ಕೈ ಸವರಿದರು. "ಕೊನೆ ಸಲ ಅಲ್ವಾ, ನಮ್ಮದೊಂದು ಗೌರವ ಅಂತ ಇಟ್ಕೊಳ್ಳಿ. ಹೇಗೂ ನೀವು ಬಿಡ್ತಿದೀರ, ದೊಡ್ಡ ಸ್ಪರ್ಧೆಗೆ ಗುಬ್ಬಿನೇ ಹೋಗ್ತಾಳೆ. ಯಾರಿಗೂ ನಷ್ಟ ಇಲ್ಲ."

ಭಿಕ್ಷೆ. ಮೂವತ್ತು ವರ್ಷ ಒಂದೊಂದು ಅಂಕಕ್ಕೂ ಕಣ್ಣೀರು ಹಾಕಿಸಿದ ಜನ, ಇವತ್ತು ಬಾಚಿ ಬಾಚಿ ಭಿಕ್ಷೆ ಹಾಕಿದ್ದರು. ಬುಗುರಿಗೆ ಆ ಮೇಜನ್ನೇ ಮಗುಚಿಹಾಕಬೇಕೆನ್ನಿಸಿತು. ಆದರೆ ಸಿಟ್ಟಿನ ಹಿಂದೆಯೇ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ತಾನು ನಿವೃತ್ತಿಯಾಗುತ್ತಿಲ್ಲ ಎಂದು ಈಗ ಹೇಳಿದರೆ, ಬಿದ್ದವಳು ಹೋಗುತ್ತಾಳೆ, ಬೀಳದವಳು ಉಳಿಯುತ್ತಾಳೆ. ಗುಬ್ಬಿಗೆ ನ್ಯಾಯ ಸಿಗುವುದಕ್ಕೆ ಇದ್ದದ್ದು ಒಂದೇ ದಾರಿ. ಬೆಳಗಿನಿಂದ ಊರೆಲ್ಲ ಅವಳನ್ನು ತಳ್ಳಿಕೊಂಡು ಬಂದಿದ್ದ ದಾರಿ.

ಅವಳು ಕಾರ್ಯದರ್ಶಿಯ ಕೈಯಿಂದ ಮೈಕ್ ಕಿತ್ತುಕೊಂಡಳು.

"ನಾನು ಸ್ಪರ್ಧೆಯಿಂದ ನಿವೃತ್ತಿಯಾಗ್ತಿದೀನಿ," ಎಂದಳು, ಬೈಗುಳ ಉಗುಳುವಂತೆ. ಜನ ಅತ್ತರು. ಕೆಳಮನೆಯಾಕೆ ಅತ್ತೆಯನ್ನು ತಬ್ಬಿಕೊಂಡು ಅತ್ತಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಗುಬ್ಬಿ ಒಬ್ಬಳೇ ಕೂತು ಸ್ಕೇಟಿನ ಲೇಸು ಬಿಚ್ಚುತ್ತಿದ್ದಳು. ಬುಗುರಿ ಧಪ್ಪನೆ ಪಕ್ಕದಲ್ಲಿ ಕೂತು, ಹೋಗಿ ಗೆದ್ದು ಬಾ, ಇಲ್ಲದಿದ್ದರೆ ನಿನ್ನ ಕಾಲು ಮುರಿಯುತ್ತೇನೆ ಎಂದಳು.

"ಅಕ್ಕ, ನೀವ್ಯಾಕೆ ಬಿಟ್ರಿ?" ಎಂದಳು ಗುಬ್ಬಿ ತಲೆಯೆತ್ತದೆ. "ನಾನು ಇವತ್ತಿಗೆ ಬಿಡೋಣ ಅಂತ ಬಂದಿದ್ದೆ."

"ಏನಂದೆ?"

"ನೀವು ಬಿದ್ದಾಗ ಮಂಜನ್ನ ಗುದ್ದಿದ್ರಲ್ಲ, ನಂಗೆ ಹೊಟ್ಟೆಕಿಚ್ಚಾಯ್ತು. ನಂಗೆ ಬಿದ್ರೆ ಸಿಟ್ಟು ಬರಲ್ಲ, ಗೆದ್ರೆ ಖುಷಿ ಆಗಲ್ಲ. ಎರಡು ವರ್ಷ ಆಯ್ತು ಹೀಗೆ. ಅಮ್ಮನ ಬಲವಂತಕ್ಕೆ ಬರ್ತಿದ್ದೆ, ಇನ್ನು ಆಗಲ್ಲ."

"ಯಾರಿಗೂ ಹೇಳಲಿಲ್ವೇನೆ?"

"ಯಾರೂ ಕೇಳಲಿಲ್ಲ ಅಕ್ಕ. ಯಾವಾಗ ಬಿಡ್ತೀಯ ಅಂತ ಎಲ್ಲರೂ ನಿಮ್ಮನ್ನೇ ಕೇಳ್ತಿದ್ರು."

ಬುಗುರಿ ಅವಳ ತಲೆಯ ಮೇಲೆ ಕೈಯಿಟ್ಟಳು. ಇಡೀ ದಿನದಲ್ಲಿ ಅವಳ ಸಿಟ್ಟು ಇಳಿದದ್ದು ಆ ಒಂದು ಗಳಿಗೆ ಮಾತ್ರ. ಬಾಗಿಲಲ್ಲಿ ಹೂಗುಚ್ಛ ಹಿಡಿದು ನಿಂತಿದ್ದ ಕಾರ್ಯದರ್ಶಿಗೆ ಎಲ್ಲ ಕೇಳಿಸಿತ್ತು. ದೊಡ್ಡ ಸ್ಪರ್ಧೆಗೆ ಯಾರನ್ನೂ ಕಳಿಸದಿದ್ದರೆ ಕ್ಲಬ್ಬಿನ ಮಾನ ಹೋಗುತ್ತದೆ. ಅವನು ಗುಬ್ಬಿಯ ಕೈಹಿಡಿದು ಗೋಗರೆದ, ಆಮೇಲೆ ಬುಗುರಿಯ ಕಾಲನ್ನೇ ಹಿಡಿದ. ಭಿಕ್ಷೆಯ ಅಂಕ ಹೊತ್ತುಕೊಂಡು ತಾನು ಹೋಗುವುದಿಲ್ಲ ಎಂದು ಅವಳು ಖಡಾಖಂಡಿತವಾಗಿ ಹೇಳುತ್ತಿರುವಾಗಲೇ ಅವನು ಮೈಕಿನ ಬಳಿಗೆ ಓಡಿ, ಅಭಿಮಾನಿಗಳ ಒತ್ತಾಯಕ್ಕೆ ಮಣಿದು ಬುಗುರಿ ನಿವೃತ್ತಿಯನ್ನು ಹಿಂತೆಗೆದುಕೊಂಡಿದ್ದಾಳೆ ಎಂದು ಘೋಷಿಸಿಬಿಟ್ಟ.

ಗ್ಯಾಲರಿ ತಣ್ಣಗಾಯಿತು. ಯಾವ ಅಭಿಮಾನಿಯೂ ಒತ್ತಾಯ ಮಾಡಿರಲಿಲ್ಲ. ಬೆಳಗಿನಿಂದ ಅತ್ತು ಸುಸ್ತಾದವರಿಗೆ ಮೋಸವಾಯಿತು ಅನ್ನಿಸಿತು. ಅಂಕಕ್ಕೋಸ್ಕರ ಎಂಥ ನಾಟಕ ಆಡಿದಳು ನೋಡಿ ಎಂದು ಕೆಳಮನೆಯಾಕೆ ಶುರುಮಾಡಿದಳು. ಮುಖ್ಯ ತೀರ್ಪುಗಾರ್ತಿ ಮುಖ ತಿರುಗಿಸಿಕೊಂಡು ಹೋದರು. ಬುಗುರಿ ಹೊರಬಾಗಿಲು ತಲುಪುವಷ್ಟರಲ್ಲಿ, ಅವಳು ಸುಳ್ಳು ವಿದಾಯ ಹೇಳಿ ಪಾಪದ ಹುಡುಗಿಯ ಅವಕಾಶ ಕಸಿದುಕೊಂಡಳು ಎನ್ನುವುದು ಊರಿಗೆಲ್ಲ ಖಚಿತವಾಗಿತ್ತು. ಟಿಕೆಟ್ ಕೊಡುವವನು ಈ ಸಲ ಏಳಲಿಲ್ಲ.

ಗಂಡನ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ನಿದ್ದೆ ಹೋಗಿದ್ದರು. ಬುಗುರಿ ಹಲ್ಲು ಕಡಿಯುತ್ತ ಕೂತಿದ್ದಳು. ಗಂಡನಾದರೂ ತನ್ನ ಪರವಾಗಿ ಒಂದು ಮಾತಾಡುತ್ತಾನೆ ಎಂದು ಕಾದಳು. ಅವನಿಗೆ ಲೆನ್ಸಿನ ವಿಷಯ ಗೊತ್ತು, ಎಲ್ಲ ಗೊತ್ತು. ಅವನು ಗೇರ್ ಬದಲಿಸಿದ. ಆಮೇಲೆ ಮೆಚ್ಚುಗೆಯಿಂದ ತಲೆ ಅಲ್ಲಾಡಿಸಿದ.

"ಅಂತೂ ಒಳ್ಳೆ ಉಪಾಯ ಮಾಡಿದೆ ಕಣೆ," ಎಂದ. "ನಂಗಾದ್ರೂ ಮೊದಲೇ ಹೇಳಬಹುದಿತ್ತು."

ಬುಗುರಿ ಕಾರು ನಿಲ್ಲಿಸಲು ಹೇಳಿ, ಇಳಿದು, ಸ್ಕೇಟಿನ ಚೀಲ ಹೆಗಲಿಗೇರಿಸಿ, ಮನೆಯವರೆಗೂ ನಡೆದೇ ಹೋದಳು.