ಮಾವನವರ ಡಿಸ್ಕಿಗೆ ತಕ್ಕ ಪೆಟ್ಟಿಗೆ

ನಮ್ಮ ಮಾವನವರಿಗೆ ಎಂಬತ್ತು ತುಂಬುವ ಭಾನುವಾರ ಏನು ಬೇಕೆಂದು ಕೇಳಿದೆವು. ಹೊಸ ಪಂಚೆ ಬೇಡ, ಹೋಟೆಲ್ ಊಟ ಬೇಡ. "ನನ್ನ ಷಷ್ಟ್ಯಬ್ದಿಯ ಡಿಸ್ಕ್ ಉಂಟಲ್ಲ ಮಗಾ, ಅದೊಮ್ಮೆ ನೋಡುವ. ಅದರಲ್ಲಿ ಅಕ್ಕ ಶೋಭಾನೆ ಹೇಳಿದ್ದಾಳೆ" ಎಂದರು. ಮಾವನ ಆ ಅಕ್ಕ ಈಗ ಇಲ್ಲ. ನಮ್ಮ ಹಳೆಯ ಪ್ಲೇಯರ್ ಕೂಡ ಯಾವತ್ತೋ ರದ್ದಿಯವನ ಪಾಲಾಗಿತ್ತು.

"ನನಗೆ ಬಿಡಿ ಮಾವ" ಎಂದೆ. ಯಾರೂ ನನ್ನನ್ನು ತಡೆಯಲಿಲ್ಲ.

ಆಯ್ಕೆ ಎರಡೇ. ಟಿವಿಗೆ ಜೋಡಿಸುವ ಪುಟ್ಟ ಕಂಪ್ಯೂಟರ್, ಇಲ್ಲವೇ ಡಿಸ್ಕ್ ಹಾಕುವ ಪ್ಲೇಯರ್. ಪವಾಯಿಯ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆಯೇ ಕೂರುವ ನನ್ನ ಗಂಡ ಪ್ಲೇಯರಿನ ಪಕ್ಷ. "ಡಿಸ್ಕ್ ಹಾಕು, ಬಟನ್ ಒತ್ತು, ಮುಗೀತು ಮಾರಾಯ್ತಿ" ಎಂದರು. ಇಷ್ಟು ಸುಲಭವಾದ ನಿರ್ಧಾರದ ಮೇಲೆ ನನಗೆ ನಂಬಿಕೆ ಬರಲಿಲ್ಲ. ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ನೋಟ್‌ಬುಕ್ಕಿನಲ್ಲಿ ಕೆಂಪು ಮಾರ್ಜಿನ್ ಎಳೆದು ಎರಡು ಕಾಲಂ ಮಾಡಿದೆ. ಕಂಪ್ಯೂಟರಿನ ಕೆಳಗೆ ಹನ್ನೊಂದು ಗುಣಗಳು ಬಂದವು: ಫೋಟೋ, ಹಾಡು, ಧಾರಾವಾಹಿ, ಮೊಮ್ಮಕ್ಕಳ ವಿಡಿಯೋ ಕಾಲ್, ಇತ್ಯಾದಿ. ಪ್ಲೇಯರಿನ ಕೆಳಗೆ ಒಂದೇ ಒಂದು: "ಡಿಸ್ಕ್ ಹಾಕಬಹುದು." ಹನ್ನೊಂದಕ್ಕೆ ಒಂದು! ಪ್ಲೇಯರ್ ಠೇವಣಿ ಕಳೆದುಕೊಂಡಿತು.

ಭಾನುವಾರ ನಾಲ್ಕು ಗಂಟೆಗೆ ಮಾವ ಜರಿ ಅಂಚಿನ ಪಂಚೆ ಉಟ್ಟು ಟಿವಿಯ ಮುಂದೆ ಕೂತರು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು, ಅಕ್ಕ ಅತ್ತ ಕಡೆಯಿಂದ ನೋಡುತ್ತಾಳೋ ಎಂಬಂತೆ. ಟಿಫಿನ್ ಡಬ್ಬಿಯಷ್ಟಿದ್ದ ಕಂಪ್ಯೂಟರನ್ನು ನಾನು ಎತ್ತಿ ಸುತ್ತಲೂ ತಿರುಗಿಸಿದೆ. ಅಡಿಯನ್ನೂ ನೋಡಿದೆ.

"ಏನು ಹುಡುಕ್ತಿದ್ದಿ?" ಎಂದರು ಗಂಡ.

"ಡಿಸ್ಕ್ ಹಾಕುವ ಜಾಗ."

"ಅದಕ್ಕೆ ಬಾಯಿಯೇ ಇಲ್ಲ ಮಾರಾಯ್ತಿ. ಈಗಿನವಕ್ಕೆ ಇರುವುದಿಲ್ಲ."

"ಮೊದಲೇ ಹೇಳಬಾರದಿತ್ತೇ?"

"ನೀನು ಮಾರ್ಜಿನ್ ಎಳೆಯುವಾಗ ನಡುವೆ ಮಾತಾಡುವ ಧೈರ್ಯ ಯಾರಿಗುಂಟು?"

ಮೊದಲನೇ ಮಹಡಿಯ ಮೀನಾಬೆನ್ ಮನೆಯಲ್ಲಿ ಇನ್ನೂ ಹಳೆಯ ಪ್ಲೇಯರ್ ಇದೆಯೆಂದು ಗಂಡನೇ ನೆನಪಿಸಿದರು. ಸರಿ, ಡಿಸ್ಕ್ ತೆಗೆದುಕೊಂಡು ಅಲ್ಲಿಗೇ ಹೋಗೋಣವೆಂದು ಕಪಾಟು ತೆರೆದೆ. ಕವರ್ ಇತ್ತು. ಒಳಗೆ ಡಿಸ್ಕ್ ಇರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯ ಗೋಡೆಯ ಮೇಲೆ ಒಂದು ಪುಟ್ಟ ಕಾಮನಬಿಲ್ಲು ನಿಧಾನವಾಗಿ ತಿರುಗುತ್ತಿರುವುದು ಕಣ್ಣಿಗೆ ಬಿತ್ತು. ಚೆಂದವಿತ್ತು. ಅದು ಎಲ್ಲಿಂದ ಬರುತ್ತಿದೆಯೆಂದು ಕಿಟಕಿಯತ್ತ ನೋಡಿದವಳು ಅಲ್ಲೇ ನಿಂತುಬಿಟ್ಟೆ. ಪಾರಿವಾಳಗಳನ್ನು ಹೆದರಿಸಲು ನಾನೇ ದಾರ ಕಟ್ಟಿ ನೇತುಹಾಕಿದ್ದ ಡಿಸ್ಕ್! ಅದರ ಬೆಳ್ಳಿ ಬಣ್ಣ ಅರ್ಧ ಎದ್ದುಹೋಗಿತ್ತು. ಉಳಿದರ್ಧದ ಮೇಲೆ ಹೆದರದ ಪಾರಿವಾಳಗಳು ತಮ್ಮ ಅಭಿಪ್ರಾಯ ದಾಖಲಿಸಿದ್ದವು.

ಆದರೆ ಷಷ್ಟ್ಯಬ್ದಿಯ ಹೊತ್ತಿಗೆ ಕಟ್ಟಡದ ಮನೆಮನೆಗೂ ಒಂದೊಂದು ಪ್ರತಿ ಹಂಚಿದ್ದೆನಲ್ಲ! ಮೆಟ್ಟಿಲಿಳಿದು ಓಡಿದೆ. ಮೂರನೇ ಮಹಡಿಯಲ್ಲಿ ಮಾವನವರ ಷಷ್ಟ್ಯಬ್ದಿ ಬಾಲ್ಕನಿಯಲ್ಲಿ ತೂಗುತ್ತಿತ್ತು. ಎರಡನೆಯದರಲ್ಲಿ ಏಸಿಯ ಮೇಲೆ. ಮೀನಾಬೆನ್ ಕಿಟಕಿಯಲ್ಲೂ ನಾಲ್ಕೈದು ಡಿಸ್ಕ್‌ಗಳು ಥಳಥಳಿಸುತ್ತಿದ್ದವು.

"ಆಪ್‌ನೇ ಹೀ ತೋ ಸಿಖಾಯಾ ಥಾ, ಭಾಭಿ" ಎಂದರು ಆಕೆ. ಹೌದು, ಇಡೀ ಕಟ್ಟಡಕ್ಕೆ ಈ ಉಪಾಯ ಕಲಿಸಿದ ಗುರು ನಾನೇ.

ನನ್ನ ಮುಖ ನೋಡಿ ಅವರು ಡ್ರಾಯರ್ ಜಾಲಾಡಿ ಒಂದು ಪ್ರತಿ ತೆಗೆದರು. ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಕೂಡ ಹರಿದಿರಲಿಲ್ಲ. ಆಗ ಇದೇ ಮೀನಾಬೆನ್ "ಎರಡು ಸಲ ನೋಡಿದೆ, ಬಹುತ್ ಸುಂದರ್" ಎಂದಿದ್ದರು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಮೊದಲು ನಕ್ಕದ್ದು ಅವರು.

ಮಾವನನ್ನು ಕರೆತಂದು ಮೀನಾಬೆನ್ ಸೋಫಾದಲ್ಲಿ ಕೂರಿಸಿದೆವು. ಡಿಸ್ಕ್ ಹಾಕಿದೆ, ಬಟನ್ ಒತ್ತಿದೆ, ಮುಗಿಯಿತು. ಶೋಭಾನೆ ಶುರುವಾಯಿತು, ತುಸು ನಡುಗುವ ಸಿಹಿ ದನಿ. ಆದರೆ ಪರದೆಯ ತುಂಬ ಒಂದು ಹಸಿರು ಸೀರೆಯ ಬೆನ್ನು. ಆರತಿ ತಟ್ಟೆಯ ಬತ್ತಿ ಓರೆಯಾಗಿದೆಯೆಂದು ಸರಿಮಾಡುತ್ತ ಕ್ಯಾಮೆರಾಗೆ ಅಡ್ಡ ನಿಂತವಳು ನಾನು. ಹಾಡು ಮುಗಿಯುವವರೆಗೂ ಅಕ್ಕನ ಮುಖ ಕಾಣಲಿಲ್ಲ.

"ತಪ್ಪಾಯ್ತು ಮಾವ" ಎಂದೆ.

ಮಾವ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಿದ್ದರು. "ಅದೇ ಸ್ವರ" ಎಂದರು. "ಇನ್ನೊಮ್ಮೆ ಹಾಕು ಮಗಾ."

ಮೂರು ಸಲ ಹಾಕಿದೆವು. ಮೂರು ಸಲವೂ ನಾನು ಪಕ್ಕಕ್ಕೆ ಸರಿಯಲಿಲ್ಲ.